ಆರು ಒಂದುಗಳ ಹಾರ

ಕಾಗದ, ಪೆನ್ನು ಹತ್ತಿರವಿದ್ದರೆ ಒಂದು ಗುಣಾಕಾರ ಬರೆದುಕೊಳ್ಳಿ: 27994681 ಇಂಟು 441. ಸಾವಕಾಶವಾಗಿ ಮಾಡಿ. ಉತ್ತರ 1234 ಕೋಟಿ ದಾಟುತ್ತದೆ. ಅಂಕಿಗಳನ್ನು ಎಡದಿಂದ ಓದಿದರೆ 12345654321. ಒಂದರಿಂದ ಆರಕ್ಕೆ ಏರಿ, ಮತ್ತೆ ಒಂದಕ್ಕೆ ಇಳಿಯುತ್ತದೆ.

ಈ ಲೆಕ್ಕ ನಮ್ಮ ನಾಡಿನದು. ಸುಮಾರು 850ರಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯರು ಸಂಸ್ಕೃತ ಶ್ಲೋಕಗಳಲ್ಲಿ ‘ಗಣಿತಸಾರಸಂಗ್ರಹ’ ರಚಿಸಿದರು. ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಅದರಲ್ಲಿ ಹೆಸರಿದೆ. ಗುಣಾಕಾರ ಕಲಿಸುವಾಗ ಆಚಾರ್ಯರು ಹಿಂದುಮುಂದಾಗಿ ಓದಿದರೂ ಬದಲಾಗದ ಇಂಥ ಉತ್ತರಗಳನ್ನು ಆರಿಸಿ, ಕೊರಳ ಹಾರಕ್ಕೆ ಹೋಲಿಸುತ್ತಾರೆ. 142857143ನ್ನು 7ರಿಂದ ಗುಣಿಸಿದರೆ 1000000001 ಬರುವುದೂ ಅಲ್ಲಿನದೇ.

ಇವು ಅದೃಷ್ಟಕ್ಕೆ ಸಿಕ್ಕಿದವಲ್ಲ ಎಂದೇ ನನ್ನ ನಂಬಿಕೆ. 111111ನ್ನು ಅದರಿಂದಲೇ ಗುಣಿಸಿ ನೋಡಿ. ಆರು ಸಾಲುಗಳಲ್ಲೂ ಅದೇ ಆರು ಒಂದುಗಳು, ಪ್ರತಿ ಸಾಲೂ ಒಂದೊಂದು ಮನೆ ಎಡಕ್ಕೆ ಸರಿದಿರುತ್ತದೆ. ಕೂಡುವಾಗ ಬಲತುದಿಯಲ್ಲಿ ಒಂದು, ಪಕ್ಕದಲ್ಲಿ ಎರಡು, ನಟ್ಟನಡುವೆ ಆರು. ಎಲ್ಲೂ ದಶಕ ಇಲ್ಲ. ಒಂಬತ್ತು ಒಂದುಗಳವರೆಗೆ ಈ ಏರಿಳಿತ ಕೆಡುವುದಿಲ್ಲ. ಹತ್ತಾದರೆ ನಡುವಿನ ಮೊತ್ತ ಹತ್ತಾಗಿ, ದಶಕ ಎಡಕ್ಕೆ ಹೋಗಿ, 1234567900987654321 ಬರುತ್ತದೆ.

ಹಾಗಾದರೆ 441 ಎಲ್ಲಿಂದ ಬಂತು? 111111ನ್ನು ಒಡೆದರೆ 3, 7, 11, 13, 37. ಮೂರೇಳಲಿ ಇಪ್ಪತ್ತೊಂದು, ಅದರ ವರ್ಗವೇ 441. ಉಳಿದ ಮೂರರ ಗುಣಲಬ್ಧ 5291, ಅದರ ವರ್ಗ 27994681. ಉತ್ತರವನ್ನು ಮೊದಲು ಕಂಡು, ಅದನ್ನು ಒಡೆದು, ಚೂರುಗಳನ್ನು ಗುರುತು ಸಿಗದಂತೆ ಶಿಷ್ಯನ ಮುಂದಿಟ್ಟಿರಬೇಕು. ಎಂಥ ಮೇಷ್ಟ್ರು!

11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಈ ಗ್ರಂಥವನ್ನು ತೆಲುಗಿಗೆ ತಂದ. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಅಚ್ಚು ಹಾಕಿಸಿದರು.

ಆರು ಒಂದುಗಳು 7ರಿಂದ ಭಾಗವಾಗುವುದರ ಹಿಂದಿನ ನಿಯಮವನ್ನು ಫ್ರಾನ್ಸಿನ ಫರ್ಮಾ 1640ರಲ್ಲಿ ಹೇಳಿದರು. ಅದನ್ನು ಸಾಧಿಸಿ ಪ್ರಕಟಿಸಿದ್ದು ಆಯ್ಲರ್. 2, 3, 5 ಬಿಟ್ಟು ಯಾವ ಅವಿಭಾಜ್ಯ ಸಂಖ್ಯೆಯನ್ನಾದರೂ ತೆಗೆದುಕೊಂಡು, ಅದಕ್ಕಿಂತ ಒಂದು ಕಡಿಮೆ ಸಲ 1 ಬರೆದರೆ, ಶೇಷವಿಲ್ಲದೆ ಭಾಗವಾಗುತ್ತದೆ. 7ಕ್ಕೆ ಆರು ಒಂದು, 13ಕ್ಕೆ ಹನ್ನೆರಡು.

ಒಂದುಗಳಷ್ಟೇ ಇರುವ ಸಂಖ್ಯೆಗಳಲ್ಲಿ ಒಡೆಯಲಾಗದವೂ ಇವೆ: 11 ಮೊದಲನೆಯದು, ಆಮೇಲೆ 19 ಒಂದುಗಳದ್ದು, 23ರದ್ದು, ಅಲ್ಲಿಂದ ಹಾರಿ 317ರದ್ದು. ಇವಕ್ಕೆ ಕೊನೆಯಿದೆಯೋ ಇಲ್ಲವೋ, ಇವತ್ತಿಗೂ ಯಾರೂ ಸಾಧಿಸಿಲ್ಲ.