ಇಂಗ್ಲಿಷ್ ಕಲಿಕೆ: ಮೊಬೈಲ್ ಯಾರ ಕೈಯಲ್ಲಿದೆ?

(ಶಿಕ್ಷಕರು ಮತ್ತು ಹೆತ್ತವರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಕರ್ನಾಟಕದ ಸರಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸಲಾಗುತ್ತಿದೆ. ಅಂದರೆ ಎಸ್ಸೆಸ್ಸೆಲ್ಸಿ ಮುಗಿಸುವ ಮಗು ಹತ್ತು ವರ್ಷ ಇಂಗ್ಲಿಷ್ ಓದಿರುತ್ತದೆ. ಹತ್ತು ವರ್ಷ ಸಣ್ಣ ಅವಧಿಯಲ್ಲ. ಇಷ್ಟಾಗಿಯೂ ಆ ಮಗುವಿನೊಡನೆ ಇಂಗ್ಲಿಷಿನಲ್ಲಿ ಎರಡು ಮಾತಾಡಿ ನೋಡಿ. ಎಷ್ಟೋ ಮಕ್ಕಳು ತಲೆ ತಗ್ಗಿಸುತ್ತಾರೆ. ಪರೀಕ್ಷೆಯಲ್ಲಿ ಎಂಬತ್ತು ಅಂಕ ಪಡೆದವರೂ ತಲೆ ತಗ್ಗಿಸುತ್ತಾರೆ. ಯಾಕೆ ಹೀಗೆ? ಮಕ್ಕಳು ದಡ್ಡರೇ? ಶಿಕ್ಷಕರು ಸೋಮಾರಿಗಳೇ?

ಎರಡೂ ಅಲ್ಲ. ಒಂದು ಸರಳ ಲೆಕ್ಕವನ್ನು ನೋಡೋಣ. ತರಗತಿಯಲ್ಲಿ ನಲ್ವತ್ತು ಮಕ್ಕಳಿದ್ದಾರೆ. ಪಾಠದ ಅವಧಿ ನಲ್ವತ್ತು ನಿಮಿಷ. ಶಿಕ್ಷಕರು ಒಂದಕ್ಷರವೂ ಮಾತಾಡದೆ ಸುಮ್ಮನೆ ಕುಳಿತರೂ ಒಂದು ಮಗುವಿನ ಪಾಲಿಗೆ ಸಿಗುವುದು ಒಂದೇ ಒಂದು ನಿಮಿಷ. ಹಾಗಿರುವಾಗ ಮಾತು ಬರುವುದಾದರೂ ಹೇಗೆ? ಮನೆಯಲ್ಲಿ ಬ್ಯಾರಿ, ಉರ್ದು ಅಥವಾ ತುಳು, ಬೀದಿಯಲ್ಲಿ ಕನ್ನಡ. ಇಂಗ್ಲಿಷ್ ಕಿವಿಗೆ ಬೀಳುವುದು ಶಾಲೆಯಲ್ಲಿ ಮಾತ್ರ. ಅಲ್ಲಿಯೂ ಪ್ರಶ್ನೋತ್ತರವನ್ನು ಹಲಗೆಯಿಂದ ಪುಸ್ತಕಕ್ಕೆ ಇಳಿಸುವುದರಲ್ಲೇ ಅವಧಿ ಮುಗಿಯುತ್ತದೆ. ಪರೀಕ್ಷೆಯ ಬಹುಪಾಲು ಅಂಕ ಬರವಣಿಗೆಗೆ ಇರುವಾಗ ಶಿಕ್ಷಕರನ್ನು ದೂರಿ ಪ್ರಯೋಜನವಿಲ್ಲ.

ಇನ್ನೊಂದು ತೊಡಕೂ ಇದೆ. ಕನ್ನಡವನ್ನು ನಾವು ಹೆಚ್ಚುಕಡಿಮೆ ಬರೆದಂತೆಯೇ ಓದುತ್ತೇವೆ. ಇಂಗ್ಲಿಷಿನಲ್ಲಿ ಹಾಗಲ್ಲ. ಸಾಲಕ್ಕಿರುವ ಇಂಗ್ಲಿಷ್ ಪದವನ್ನು ಮಕ್ಕಳು ಅಕ್ಷರ ನೋಡಿ ‘ಡೆಬ್ಟ್’ ಎಂದು ಓದುತ್ತಾರೆ. ಅದರ ಉಚ್ಚಾರ ‘ಡೆಟ್’. ಬುಧವಾರವನ್ನು ‘ವೆಡ್ನೆಸ್‌ಡೇ’ ಎನ್ನುತ್ತಾರೆ. ಅದು ‘ವೆನ್ಸ್‌ಡೇ’. ಇದನ್ನು ಕಣ್ಣಿನಿಂದ ಕಲಿಯಲು ಸಾಧ್ಯವಿಲ್ಲ, ಕಿವಿಯಿಂದಲೇ ಕಲಿಯಬೇಕು. ಈ ಕಿವಿಯ ಕೆಲಸದಲ್ಲಿ ಮೊಬೈಲ್ ಮತ್ತು ಅಂತರ್ಜಾಲ ನಮ್ಮ ನೆರವಿಗೆ ಬರಬಲ್ಲವು ಎಂಬುದು ನಮ್ಮ ಅಭಿಪ್ರಾಯ.

ಹಾಗೆಂದು ಯಂತ್ರವೇ ಎಲ್ಲವನ್ನೂ ಕಲಿಸುತ್ತದೆಯೆಂದು ಭ್ರಮಿಸಬಾರದು. ಹೊಸ ಸಾಧನವೊಂದು ಬಂದಾಗಲೆಲ್ಲ ಇಂಥ ಭ್ರಮೆ ಹುಟ್ಟುತ್ತದೆ. 1975-76ರಲ್ಲಿ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಪಾಠಗಳು ಬಂದವು. ನಮ್ಮ ರಾಜ್ಯದ ಹಳ್ಳಿಗಳೂ ಅದರಲ್ಲಿದ್ದವು. ಒಂದು ವರ್ಷದ ಬಳಿಕ ಉಪಗ್ರಹ ಹೊರಟುಹೋಯಿತು. ಮುಂದೆ ದಕ್ಷಿಣ ಅಮೆರಿಕದ ಪೆರು ದೇಶವು ತನ್ನ ಮಕ್ಕಳಿಗೆ ಲಕ್ಷಗಟ್ಟಲೆ ಲ್ಯಾಪ್‌ಟಾಪ್‌ಗಳನ್ನು ಹಂಚಿತು. ಅಲ್ಲಿನ 319 ಗ್ರಾಮೀಣ ಶಾಲೆಗಳ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಅಂಕಗಳು ಏರಿದ್ದಕ್ಕೆ ಪುರಾವೆ ಸಿಗಲಿಲ್ಲ. ಯಂತ್ರ ಮಗುವಿನ ಕೈಗೆ ತಲುಪಿತ್ತು, ಕಲಿಸುವ ಕ್ರಮ ಬದಲಾಗಿರಲಿಲ್ಲ.

ಇದಕ್ಕೆ ಭಿನ್ನವಾದ ಉದಾಹರಣೆ ನಮ್ಮ ನೆರೆಯ ಬಾಂಗ್ಲಾದೇಶದಲ್ಲಿದೆ. 2009ರಲ್ಲಿ ಅಲ್ಲಿ ‘ಬಿಬಿಸಿ ಜನಾಲಾ’ ಎಂಬ ಸೇವೆ ಆರಂಭವಾಯಿತು. ಸಾಮಾನ್ಯ ಮೊಬೈಲಿನಿಂದ 3000 ಎಂಬ ಸಂಖ್ಯೆಗೆ ಕರೆ ಮಾಡಿದರೆ ಮೂರು ನಿಮಿಷದ ಇಂಗ್ಲಿಷ್ ಪಾಠ ಕೇಳಿಸುತ್ತಿತ್ತು. ಜೊತೆಗೆ ‘ಇಂಗ್ಲಿಷ್ ಇನ್ ಆ್ಯಕ್ಷನ್’ ಎಂಬ ಯೋಜನೆಯಲ್ಲಿ ಮೊಬೈಲನ್ನು ಮಕ್ಕಳಿಗಲ್ಲ, ಶಿಕ್ಷಕರಿಗೆ ಕೊಡಲಾಯಿತು. ಪಾಠದ ಧ್ವನಿಗಳು ಮತ್ತು ಬೋಧನೆಯ ವೀಡಿಯೋಗಳು ಮೆಮೊರಿ ಕಾರ್ಡಿನಲ್ಲೇ ಇದ್ದವು. ಒಂದು ಚಿಕ್ಕ ಸ್ಪೀಕರ್ ಜೋಡಿಸಿದರೆ ಇಡೀ ತರಗತಿಗೆ ಕೇಳಿಸುತ್ತಿತ್ತು. ಅಂತರ್ಜಾಲ ಬೇಕಾಗಿರಲಿಲ್ಲ. ನೆಟ್‌ವರ್ಕ್ ಸಿಗದ ನಮ್ಮ ಮಲೆನಾಡಿನ ಶಾಲೆಗಳು ಗಮನಿಸಬೇಕಾದ ಮಾದರಿಯಿದು. ಸಾಧನ ಮೊದಲು ಶಿಕ್ಷಕರ ಕೈಗೆ ಬರಬೇಕು. ಅವರ ಮೂಲಕ ಮಕ್ಕಳಿಗೆ ತಲುಪಬೇಕು.

ಹಾಗಾದರೆ ನಮ್ಮ ಶಿಕ್ಷಕರು ಏನು ಮಾಡಬಹುದು? ದೊಡ್ಡ ಖರ್ಚಿಲ್ಲದ ಒಂದು ಕ್ರಮವನ್ನು ಇಲ್ಲಿ ಮುಂದಿಡುತ್ತೇವೆ. ವಾರಕ್ಕೊಂದು ವಿಷಯ ಕೊಡಿ. ‘ನಮ್ಮ ಮನೆಯ ಬಾವಿ’ ಎಂದೋ ‘ಅಜ್ಜಿ ಹೇಳಿದ ಮಳೆಗಾಲ’ ಎಂದೋ ಇರಲಿ. ಮಗು ಅದರ ಬಗ್ಗೆ ಒಂದು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಿ ವಾಟ್ಸ್ಯಾಪಿನಲ್ಲಿ ಧ್ವನಿಸಂದೇಶ ಕಳುಹಿಸಲಿ. ಇದರ ಲಾಭ ಏನು ಗೊತ್ತೇ? ತರಗತಿಯಲ್ಲಿ ಎದ್ದು ನಿಂತ ಮಗು ತಪ್ಪಾಡಿದರೆ ಉಳಿದವರು ನಗುತ್ತಾರೆ. ಆ ನಗುವಿಗೆ ಹೆದರಿ ಅದು ಮತ್ತೆ ಬಾಯಿ ತೆರೆಯುವುದಿಲ್ಲ. ಧ್ವನಿಸಂದೇಶದಲ್ಲಿ ಹಾಗಲ್ಲ. ಹೇಳಿದ್ದು ಸರಿ ಬಾರದಿದ್ದರೆ ಅಳಿಸಿ ಮತ್ತೆ ಹೇಳಬಹುದು. ಒಂದು ನಿಮಿಷದ ಮಾತಿಗಾಗಿ ಮಗು ನಾಲ್ಕೈದು ಸಲ ಅಭ್ಯಾಸ ಮಾಡುತ್ತದೆ. ತನ್ನ ಧ್ವನಿಯನ್ನು ತಾನೇ ಕೇಳಿ ತಿದ್ದಿಕೊಳ್ಳುತ್ತದೆ.

ನಲ್ವತ್ತು ಸಂದೇಶಗಳನ್ನು ಕೇಳುವುದು ಶಿಕ್ಷಕರಿಗೆ ಹೊರೆಯಲ್ಲವೇ ಎಂದು ನೀವು ಕೇಳಬಹುದು. ದಿನಕ್ಕೆ ಹತ್ತು ಮಕ್ಕಳಂತೆ ಹಂಚಿಕೊಳ್ಳಿ. ನಾಲ್ಕು ದಿನಗಳಲ್ಲಿ ಮುಗಿಯುತ್ತದೆ. ಎಲ್ಲ ತಪ್ಪುಗಳನ್ನೂ ಹೆಕ್ಕಬೇಡಿ. ಪ್ರತಿಯೊಬ್ಬರಿಗೂ ಒಂದು ತಪ್ಪು, ಒಂದು ಮೆಚ್ಚುಗೆ, ಇಷ್ಟು ಸಾಕು.

ಆಲಿಸಲು ಯೂಟ್ಯೂಬ್ ಇದೆ. ಅದರಲ್ಲಿ ಮಾತಿನ ವೇಗ ತಗ್ಗಿಸಬಹುದು. ಅನೇಕ ವೀಡಿಯೋಗಳಲ್ಲಿ ಆಡಿದ ಮಾತು ಅಕ್ಷರವಾಗಿ ಕೆಳಗೆ ಮೂಡುವಂತೆಯೂ ಮಾಡಬಹುದು. ಉಚ್ಚಾರ ಕೇಳಿಸುವ ನಿಘಂಟುಗಳು ಪುಕ್ಕಟೆಯಾಗಿ ಸಿಗುತ್ತವೆ. ಆದರೆ ಮಗುವಿಗೆ ಮೊಬೈಲ್ ಕೊಟ್ಟು ‘ಇಂಗ್ಲಿಷ್ ಕಲಿ’ ಎಂದರೆ ಅದು ಹತ್ತು ನಿಮಿಷದಲ್ಲಿ ಹಾಸ್ಯದ ತುಣುಕುಗಳಿಗೆ ಜಾರುತ್ತದೆ. ಯಾವ ವೀಡಿಯೋ, ಎಷ್ಟು ನಿಮಿಷ, ಕೇಳಿದ ಬಳಿಕ ಯಾವ ಮೂರು ಪ್ರಶ್ನೆಗೆ ಉತ್ತರ ಎಂಬುದನ್ನು ಶಿಕ್ಷಕರೇ ನಿಗದಿಪಡಿಸಬೇಕು.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಬಳಿಕ ಹೊಸ ಸಮಸ್ಯೆಯೊಂದು ಎದುರಾಗಿದೆ. ಪ್ರಬಂಧ ಬೇಕೆಂದು ಕೇಳಿದರೆ ಕ್ಷಣಾರ್ಧದಲ್ಲಿ ತಪ್ಪಿಲ್ಲದ ಇಂಗ್ಲಿಷ್ ಪ್ರಬಂಧ ಸಿದ್ಧ. ಮಗು ಅದನ್ನು ನಕಲು ಮಾಡಿದರೆ ಅಂಕ ಬಂದೀತು, ಭಾಷೆ ಬರಲಾರದು. ಇದಕ್ಕೆ ನಿಷೇಧ ಪರಿಹಾರವಲ್ಲ. ಬರೆದು ತಂದದ್ದನ್ನು ಪುಸ್ತಕ ಮುಚ್ಚಿಟ್ಟು ನಾಲ್ಕು ವಾಕ್ಯಗಳಲ್ಲಿ ಹೇಳೆನ್ನಿ. ಅಜ್ಜಿ ಹೇಳಿದ ಮಳೆಗಾಲ ಯಾವ ಯಂತ್ರಕ್ಕೂ ಗೊತ್ತಿಲ್ಲ.

ಈಗ ಹೆತ್ತವರೊಂದಿಗೆ ನೇರವಾಗಿ ಮಾತಾಡಬೇಕಾದ ವಿಷಯಕ್ಕೆ ಬರೋಣ. ‘ಅಸರ್’ ಎಂಬ ಸಮೀಕ್ಷೆ 2023ರಲ್ಲಿ ದೇಶದ 28 ಗ್ರಾಮೀಣ ಜಿಲ್ಲೆಗಳಲ್ಲಿ 14ರಿಂದ 18 ವಯಸ್ಸಿನವರನ್ನು ಮಾತಾಡಿಸಿತು. ಸುಮಾರು ಶೇ. 90 ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು. ಇಂಗ್ಲಿಷಿನ ಸರಳ ವಾಕ್ಯಗಳನ್ನು ಓದಬಲ್ಲವರು ಶೇ. 57 ಮಾತ್ರ. ಇನ್ನೊಂದು ಅಂಕಿಯನ್ನು ಗಮನವಿಟ್ಟು ಕೇಳಿ. ಸ್ಮಾರ್ಟ್‌ಫೋನ್ ಬಳಸಬಲ್ಲವರ ಪೈಕಿ ಸ್ವಂತ ಫೋನ್ ಇದ್ದ ಹುಡುಗರು ಶೇ. 43.7, ಹುಡುಗಿಯರು ಶೇ. 19.8. ಅರ್ಧಕ್ಕಿಂತಲೂ ಕಡಿಮೆ!

ಇದರ ಅರ್ಥವೇನು? ಮನೆಯಲ್ಲಿ ಮೊಬೈಲ್ ಇದೆ, ಆದರೆ ಅದು ಮಗಳ ಕೈಯಲ್ಲಿಲ್ಲ. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿ ಪಾಠ ಮೊಬೈಲಿಗೆ ಬಂದಾಗ ಮೊದಲ ಸರದಿ ಯಾರದಾಗಿತ್ತು ಎಂಬುದನ್ನು ಪ್ರತಿಯೊಬ್ಬರೂ ತಮ್ಮ ಮನೆಯನ್ನೇ ಕೇಳಿಕೊಳ್ಳಲಿ. ‘ಮೊಬೈಲ್ ಕೊಟ್ಟರೆ ಹುಡುಗಿಯರು ಹಾಳಾಗುತ್ತಾರೆ’ ಎಂಬ ಮಾತು ನಮ್ಮ ನಡುವೆ ಬಹಳ ಅಗ್ಗವಾಗಿದೆ. ಹಾಳುಮಾಡುವ ಗುಣ ಮೊಬೈಲಿಗೆ ಇರುವುದಾದರೆ ಅದು ಹುಡುಗರನ್ನು ಬಿಟ್ಟೀತೇ? ರಾತ್ರಿ ಒಂದು ಗಂಟೆಯವರೆಗೆ ಮೊಬೈಲ್ ಉಜ್ಜುವ ಮಗನನ್ನು ನಾವು ಪ್ರಶ್ನಿಸುವುದಿಲ್ಲ. ಸಂಜೆ ಅರ್ಧ ಗಂಟೆ ಪಾಠ ಕೇಳಲು ಮೊಬೈಲ್ ಕೇಳಿದ ಮಗಳನ್ನು ಅನುಮಾನಿಸುತ್ತೇವೆ. ಇದು ಕಾಳಜಿಯಲ್ಲ, ಅನ್ಯಾಯ.

ಅಪಾಯ ಇಲ್ಲವೆಂದು ನಾವು ಹೇಳುತ್ತಿಲ್ಲ. ಅಪಾಯ ಇದೆ. ಆದ್ದರಿಂದಲೇ ನಿಯಮ ಬೇಕು. ತರಗತಿಯ ಗುಂಪಿನಲ್ಲಿ ಹೆತ್ತವರೂ ಇರಲಿ. ಸಂದೇಶಕ್ಕೆ ಸಂಜೆಯ ಎರಡು ಗಂಟೆ ನಿಗದಿಯಾಗಲಿ. ಶಿಕ್ಷಕರು ಮತ್ತು ವಿದ್ಯಾರ್ಥಿನಿಯ ನಡುವೆ ಖಾಸಗಿ ಸಂದೇಶ ಬೇಡ. ಫೋಟೋ ಬೇಡ, ಧ್ವನಿ ಸಾಕು. ಅದು ಕೂಡಾ ಗುಂಪಿನಿಂದ ಹೊರಗೆ ಹೋಗಬಾರದು. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಖಾತೆಗಳಿಗೆ ಆ ಕಂಪೆನಿಗಳೇ 13 ವರ್ಷದ ಮಿತಿ ಹಾಕಿವೆ. ಸುಳ್ಳು ವಯಸ್ಸು ಬರೆದು ಮಗುವಿಗೆ ಖಾತೆ ತೆರೆದುಕೊಡುವುದನ್ನು ಹೆತ್ತವರು ನಿಲ್ಲಿಸಬೇಕು. ಚಿಕ್ಕ ಮಕ್ಕಳು ಹೆತ್ತವರ ಮೊಬೈಲಿನಿಂದ, ಅವರ ಎದುರಲ್ಲೇ ಪಾಠ ಕಳುಹಿಸಲಿ. ಈ ನಿಯಮಗಳು ಮಗನಿಗೂ ಮಗಳಿಗೂ ಒಂದೇ ಆಗಿರಲಿ. ಮನೆಗೊಂದೇ ಮೊಬೈಲ್ ಇದ್ದರೆ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿ. ಅದರಲ್ಲಿ ಮಗಳ ಹೆಸರಿನ ಮುಂದೆ ಅರ್ಧ ಗಂಟೆ ಇರಲೇಬೇಕು.

ಸರಕಾರಕ್ಕೂ ಹೊಣೆಯಿದೆ. 2019ರಲ್ಲಿ ಒಂದು ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗಗಳನ್ನು ತೆರೆಯಲಾಯಿತು. ಪರ ವಿರೋಧದ ಬಿರುಸಿನ ಚರ್ಚೆಯೂ ನಡೆಯಿತು. ಆದರೆ ಫಲಕ ಬದಲಿಸಿದ ಮಾತ್ರಕ್ಕೆ ಭಾಷೆ ಬರುವುದಿಲ್ಲ. ಶಿಕ್ಷಕರಿಗೆ ಸ್ವತಃ ಇಂಗ್ಲಿಷ್ ಮಾತಾಡುವ ಧೈರ್ಯ ತುಂಬುವ ತರಬೇತಿ ಬೇಕು. ಪಾಠಕ್ಕಾಗಿ ಬಳಸುವ ಡಾಟಾದ ಖರ್ಚನ್ನು ಶಿಕ್ಷಕರ ಜೇಬಿನ ಮೇಲೆ ಹೊರಿಸಬಾರದು. ಮೊಬೈಲ್ ಇಲ್ಲದ ಮಕ್ಕಳಿಗಾಗಿ ಶಾಲೆಯಲ್ಲೇ ಆಲಿಸುವ, ಮಾತಾಡುವ ವ್ಯವಸ್ಥೆ ಆಗಬೇಕು. ಗ್ರಾಮ ಪಂಚಾಯತ್ ಗ್ರಂಥಾಲಯಗಳು ಇಂದು ಅರಿವು ಕೇಂದ್ರಗಳಾಗಿವೆ. ಕಂಪ್ಯೂಟರ್ ಇರುವಲ್ಲಿ ಸಂಜೆ ಒಂದು ಗಂಟೆ ಅದು ಮಕ್ಕಳ ಇಂಗ್ಲಿಷಿಗೆ ಮೀಸಲಾಗಲಿ. ಅಲ್ಲಿಗೆ ಹುಡುಗಿಯರು ಸುರಕ್ಷಿತವಾಗಿ ಹೋಗಿಬರುವ ಹೊಣೆಯನ್ನು ಊರಿನವರು ಹೊರಲಿ.

ಇಂಗ್ಲಿಷ್ ಬೇಕೆಂದರೆ ಕನ್ನಡ ಬೇಡವೆಂದು ಅರ್ಥವಲ್ಲ. ಕನ್ನಡದಲ್ಲಿ ಒಂದು ಘಟನೆಯನ್ನು ಕ್ರಮವಾಗಿ ಹೇಳಲು ಬಾರದ ಮಗು ಇಂಗ್ಲಿಷಿನಲ್ಲಿ ಹೇಳುವುದಾದರೂ ಏನನ್ನು? ನಮ್ಮ ಮಕ್ಕಳು ಚಿಕ್ಕಂದಿನಿಂದಲೇ ಎರಡು ಮೂರು ಭಾಷೆಗಳ ನಡುವೆ ಬೆಳೆದವರು. ಇನ್ನೊಂದು ಭಾಷೆ ಅವರಿಗೆ ಭಾರವಾಗಲಾರದು. ಬೇಕಾಗಿರುವುದು ಕೇಳಿಸಿಕೊಳ್ಳುವ ಅವಕಾಶ, ನಗೆಪಾಟಲಿಗೆ ಹೆದರದೆ ಮಾತಾಡುವ ಅವಕಾಶ ಮತ್ತು ತಪ್ಪನ್ನು ಪ್ರೀತಿಯಿಂದ ತಿದ್ದುವ ಒಬ್ಬ ಶಿಕ್ಷಕ. ಮೊದಲ ಎರಡನ್ನು ಮೊಬೈಲ್ ಕೊಡಬಲ್ಲದು. ಮೂರನೆಯದನ್ನು ಶಿಕ್ಷಕರಾದ ನೀವೇ ಕೊಡಬೇಕು.

ಹೆತ್ತವರಲ್ಲಿ ನಮ್ಮದೊಂದು ವಿನಂತಿ. ಇಂದು ಮನೆಗೆ ಹೋದ ಬಳಿಕ ಮೊಬೈಲನ್ನು ಮಗಳ ಕೈಗೆ ಕೊಟ್ಟು, ಒಂದು ನಿಮಿಷ ಇಂಗ್ಲಿಷಿನಲ್ಲಿ ಮಾತಾಡು ಎನ್ನಿ. ನಿಮಗೆ ಇಂಗ್ಲಿಷ್ ಬಾರದಿದ್ದರೂ ಪರವಾಗಿಲ್ಲ, ಪೂರ್ತಿ ಕೇಳಿಸಿಕೊಳ್ಳಿ.