ಮಂಜುಗಡ್ಡೆಯಿಲ್ಲದ ತಂಪು

(ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಕೃಷಿಕರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸ)



ಬೆಳಿಗ್ಗೆ ಸಂತೆಗೆ ಒಯ್ದ ಬದನೆ, ಬೆಂಡೆ, ಹರಿವೆಸೊಪ್ಪು ಸಂಜೆಯ ಹೊತ್ತಿಗೆ ಬಾಡುತ್ತವೆ. ಹಿಂದಕ್ಕೆ ಒಯ್ಯಲಾರದ ರೈತ ಕೇಳಿದ ಬೆಲೆಗೆ ಕೊಟ್ಟು ಏಳುತ್ತಾನೆ. ಎರಡು ದಿನ ಕಾಯಲಾರದವನಿಗೆ ಬೆಲೆ ಹೇಳುವ ಶಕ್ತಿಯೂ ಇರುವುದಿಲ್ಲ. ತಂಪಿನ ಪ್ರಶ್ನೆ ಹೀಗೆ ಬೆಲೆಯ ಪ್ರಶ್ನೆಯೂ ಹೌದು.

ಚಳಿಗಾಲದ ಚಳಿಯಿಂದಲೇ ಮಂಜುಗಡ್ಡೆ ಮಾಡಿ ತರಕಾರಿ ಕಾಪಾಡಬಾರದೇಕೆ ಎಂದು ವಿದ್ಯಾರ್ಥಿಯೊಬ್ಬರು ಕೇಳಿದ್ದಾರೆ. ಯಂತ್ರಗಳಿಲ್ಲದ ಕಾಲದಲ್ಲಿ ಅಲಹಾಬಾದಿನ, ಅಂದರೆ ಇಂದಿನ ಪ್ರಯಾಗರಾಜದ, ಸುತ್ತ ಚಳಿಗಾಲದಲ್ಲಿ ಮಂಜುಗಡ್ಡೆ ಮಾಡುತ್ತಿದ್ದುದುಂಟು. ರಾಬರ್ಟ್ ಬಾರ್ಕರ್ ಎಂಬ ಆಂಗ್ಲ ಸೇನಾಧಿಕಾರಿಯ ವರ್ಣನೆ 1775ರಲ್ಲಿ ಪ್ರಕಟವಾಯಿತು. ಆಳವಿಲ್ಲದ ಗುಂಡಿಗಳಲ್ಲಿ ಒಣಗಿದ ದಂಟು ಹಾಸಿ, ಅದರ ಮೇಲೆ ಮಣ್ಣಿನ ತಟ್ಟೆಗಳಲ್ಲಿ ನೀರು ತುಂಬಿ ಮುಸ್ಸಂಜೆಗೆ ಇಡುತ್ತಿದ್ದರು. ಸೂರ್ಯೋದಯಕ್ಕೆ ಮುನ್ನ ಮಂಜುಗಡ್ಡೆಯನ್ನು ಸಂಗ್ರಹಿಸುತ್ತಿದ್ದರು. ದಂಟಿನ ಹಾಸು ನೆಲದ ಶಾಖವನ್ನು ತಡೆಯುತ್ತಿತ್ತು. ನೀರಿನ ಶಾಖ ಮೋಡವಿಲ್ಲದ ಆಕಾಶಕ್ಕೆ ಹೊರಹೋಗುತ್ತಿತ್ತು. ಆವಿಯಾದ ನೀರು ಉಳಿದ ನೀರನ್ನು ತಣಿಸುತ್ತಿತ್ತು.

ನಮ್ಮ ಸೀಮೆಯ ಚಳಿ ಅಷ್ಟು ಕಟುವಲ್ಲ. ಇಲ್ಲಿ ಮಂಜುಗಡ್ಡೆಯ ಆಸೆ ಬೇಡ. ಆದರೆ ಆವಿಯ ಉಪಾಯ ನಮಗೂ ಉಂಟು. ಒಂದು ಕಿಲೋ ಮಂಜುಗಡ್ಡೆ ಕರಗುವಾಗ ಸುಮಾರು 80 ಕಿಲೋಕ್ಯಾಲೊರಿ ಶಾಖವನ್ನು ಹೀರುತ್ತದೆ. ಒಂದು ಲೀಟರ್ ನೀರು ಆವಿಯಾಗುವಾಗ ಹೀರುವುದು ಸುಮಾರು 580. ಏಳು ಕಿಲೋ ಮಂಜುಗಡ್ಡೆಯ ಕೆಲಸವನ್ನು ಒಂದು ಲೀಟರ್ ನೀರು ಮಾಡುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಿರುವುದು ಇದರಿಂದಲೇ.

ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯು 1980ರ ದಶಕದಲ್ಲಿ ಇದೇ ತತ್ತ್ವದ ಮೇಲೆ ವಿದ್ಯುತ್ ಬೇಡದ ತಂಪುಕೋಣೆಯನ್ನು ರೂಪಿಸಿತು. ನೆರಳಿನಲ್ಲಿ ಇಟ್ಟಿಗೆಯ ಜೋಡಿಗೋಡೆ. ನಡುವಿನ ಮೂರು ಅಂಗುಲದಲ್ಲಿ ಮರಳು. ಮೇಲೆ ಹುಲ್ಲಿನ ಮುಚ್ಚಳ. ಬೆಳಿಗ್ಗೆ, ಸಂಜೆ ನೀರು ಹೊಯ್ದು ಮರಳನ್ನು ತೇವವಾಗಿಡಬೇಕು. ಒಣಹವೆಯ ಕಡುಬೇಸಗೆಯಲ್ಲಿ ಒಳಗಿನ ಉಷ್ಣತೆ ಹೊರಗಿಗಿಂತ 10ರಿಂದ 15 ಡಿಗ್ರಿ ಕಡಿಮೆಯಿರಬಲ್ಲದು. ಸೊಪ್ಪು, ಬದನೆ, ಟೊಮೆಟೊ ಕೆಲವು ದಿನ ಹೆಚ್ಚು ಬಾಳುತ್ತವೆ.

ಇದರ ಮಿತಿಯನ್ನೂ ಹೇಳಬೇಕು. ಮಳೆಗಾಲದ ತೇವದ ಗಾಳಿಯಲ್ಲಿ ಇದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಈರುಳ್ಳಿ, ಬೆಳ್ಳುಳ್ಳಿಯನ್ನು ಇದರಲ್ಲಿಟ್ಟರೆ ಕೊಳೆಯುತ್ತವೆ. ಬೂದುಗುಂಬಳ, ಮೊಗೆಕಾಯಿಗಳಿಗೆ ಬಾಳೆನಾರಿನಲ್ಲಿ ಕಟ್ಟಿ ಜಂತಿಗೆ ತೂಗುಹಾಕುವ ಹಿರಿಯರ ಕ್ರಮವೇ ಸಾಕು.

ವಿದ್ಯಾರ್ಥಿಗಳಿಗೊಂದು ಕೆಲಸ. ನೆರಳಿನಲ್ಲಿ ಎರಡು ಉಷ್ಣಮಾಪಕಗಳನ್ನು ತೂಗುಹಾಕಿ, ಒಂದರ ಬುರುಡೆಗೆ ಒದ್ದೆಬಟ್ಟೆ ಸುತ್ತಿರಿ. ಗಾಳಿಯಾಡುವಲ್ಲಿ ಅದು ತೋರುವ ಅಂಕೆಯೇ ಇಂತಹ ಕೋಣೆಯ ತಂಪಿನ ಎಲ್ಲೆ. ದೀಪಾವಳಿಯಿಂದ ಯುಗಾದಿಯವರೆಗೆ ಶಿಕಾರಿಪುರದ ಬಯಲಿನಲ್ಲೂ ಸೊರಬದ ಕಾನಿನ ಅಂಚಿನಲ್ಲೂ ಅದನ್ನು ಬರೆದಿಡಿರಿ. ಎಲ್ಲಿ ಇಟ್ಟಿಗೆ ಜೋಡಿಸಬೇಕೆಂಬುದನ್ನು ಆ ಲೆಕ್ಕವೇ ಹೇಳುತ್ತದೆ.

ಕೊನೆಯದಾಗಿ, ಈ ತಂಪು ನೀರಿನ ಕೊಡುಗೆ. ಬೇಸಗೆಯಲ್ಲಿ ಬಾವಿ ಬತ್ತಿದರೆ ಮರಳೂ ಒಣಗುತ್ತದೆ. ಕೆರೆಯನ್ನೂ ಕಾನನ್ನೂ ಉಳಿಸಿಕೊಂಡ ಊರಿಗೆ ಮಾತ್ರ ಈ ಕೋಣೆ ಒದಗೀತು.