ಹೊಗೆಸೊಪ್ಪಿನ ಹೊಲಕ್ಕೆ ಮದ್ದಿನ ಬೇರು: ಯಾರ ಸಂಶೋಧನೆ, ಯಾರ ಸಾಲ?

(ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲೂಕುಗಳ ರೈತರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮ ನಾಲ್ಕು ತಾಲೂಕಿಗೆ ಬರುವ ಅಧಿಕಾರಿಗಳು, ಕಂಪನಿ ಏಜೆಂಟರು, ಭಾಷಣಕಾರರು ಎಲ್ಲರ ಬಾಯಲ್ಲೂ ಈಗ ಒಂದೇ ಮಾತು. ಹೊಗೆಸೊಪ್ಪು ಬಿಡಿ, ಔಷಧಿ ಗಿಡ ಹಾಕಿ, ಎಕರೆಗೆ ಲಕ್ಷ ಎಣಿಸಿ ಅಂತಾರೆ. ಹೊಗೆಸೊಪ್ಪು ಒಳ್ಳೇದು ಅಂತ ವಾದ ಮಾಡೋಕೆ ನಾನು ಇಲ್ಲಿ ನಿಂತಿಲ್ಲ. ಇಬ್ಬನಿ ಒದ್ದೆಯಲ್ಲಿ ಎಲೆ ಮುರಿದು, ಕಂಕುಳಿಗೆ ಅವಚಿಕೊಂಡು ಹೊತ್ತು ತಂದ ಹೆಣ್ಣುಮಕ್ಕಳು ಸಂಜೆಗೆ ತಲೆಸುತ್ತಿ ವಾಂತಿ ಮಾಡಿಕೊಳ್ಳುವುದನ್ನು ನೀವೆಲ್ಲ ಬಲ್ಲಿರಿ. ಒದ್ದೆ ಎಲೆಯ ನಿಕೋಟಿನ್ ಚರ್ಮದ ಮೂಲಕ ಮೈಗೆ ಇಳಿಯುತ್ತದೆ, ಅದೇ ಆ ಕಾಯಿಲೆ. ಒಂದು ಕೆ.ಜಿ. ಹದ ಮಾಡಿದ ಸೊಪ್ಪಿಗೆ ಸುಮಾರು ನಾಲ್ಕೈದು ಕೆ.ಜಿ. ಸೌದೆ ಬ್ಯಾರನ್ನಿನ ಒಲೆಗೆ ಹೋಗುತ್ತದೆ. ಇಂಥ ಬೆಳೆಯನ್ನು ಪ್ರೀತಿಯಿಂದ ಯಾರೂ ಬೆಳೆಯೋದಿಲ್ಲ. ಮಳೆ ನಂಬಿದ ಕೆಂಪು ಮರಳುಮಣ್ಣಿನಲ್ಲಿ ಹರಾಜು ಕಟ್ಟೆ ಎದುರಿಗೆ ಕಾಣುವ ಬೆಳೆ ಇದೊಂದೇ ಆಗಿದ್ದಕ್ಕೆ ಬೆಳೆದೆವು.

ಹಂಗಾದ್ರೆ ಬಿಡೋದಕ್ಕೆ ಏನು ಕಷ್ಟ ಅಂತ ಕೇಳುವವರಿಗೆ ನಮ್ಮ ಉತ್ತರ ಇಷ್ಟೆ. ಬಿಡೋಣ. ಆದರೆ ಬದಲಿಗೆ ತೋರಿಸುವ ಬೆಳೆಯನ್ನು ಮೂರು ಕಡೆ ಒರೆಗೆ ಹಚ್ಚಿ ನೋಡೋಣ. ಒಂದು, ನಮ್ಮ ಮಣ್ಣಿನಲ್ಲಿ ಅದರ ಬೇರಿಗೆ ಆರೋಗ್ಯ ಇರುತ್ತದೆಯೇ? ಎರಡು, ಅದರ ಬೆಲೆ ಯಾರ ಕೈಯಲ್ಲಿದೆ? ಮೂರು, ಅದು ಬಂದಮೇಲೆ ನಮ್ಮ ಮನೆಯ ತಟ್ಟೆಯಲ್ಲಿ ಏನು ಉಳಿಯುತ್ತದೆ?

ಮೊದಲು ಬೇರಿನ ಮಾತು. ನಮಗೆ ಹೇಳುವ ಹೆಸರುಗಳು ಮುಖ್ಯವಾಗಿ ಎರಡು. ಒಂದು ಅಶ್ವಗಂಧ, ನಮ್ಮ ಹಿರಿಯರು ಹಿರೇಮದ್ದು ಅಂದ ಗಿಡ. ಇನ್ನೊಂದು ಕೋಲಿಯಸ್, ಅಂದರೆ ಮಾಕಂಡಿ ಬೇರು. ಈ ಮಾಕಂಡಿ ಬೇರಿನಲ್ಲಿರುವ ಫಾರ್ಸ್ಕೋಲಿನ್ ಎಂಬ ಸತ್ವವನ್ನು 1970ರ ದಶಕದಲ್ಲಿ ನಮ್ಮ ದೇಶದಲ್ಲೇ, ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಮತ್ತು ಮುಂಬಯಿಯ ಒಂದು ವಿದೇಶಿ ಕಂಪನಿಯ ಸಂಶೋಧನಾಲಯದಲ್ಲಿ ಬೇರ್ಪಡಿಸಿದರು. ಆಮೇಲೆ ಅದು ಹೊರದೇಶದಲ್ಲಿ ಮೈ ಇಳಿಸುವ ಗುಳಿಗೆಯಾಯಿತು, ಬೇರಿಗೆ ಗಿರಾಕಿ ಬಂದರು.

ಈಗ ಹೊಗೆಸೊಪ್ಪಿನ ಗಿಡ ಕಿತ್ತು ಬೇರು ನೋಡಿ. ಗಂಟುಗಂಟಾಗಿ ಊದಿರುತ್ತದೆ. ಕಣ್ಣಿಗೆ ಕಾಣದ ಜಂತುಹುಳು ಬೇರಿನ ತುದಿಯಿಂದ ಒಳಹೊಕ್ಕು, ಅಲ್ಲೇ ಕೂತು ರಸ ಹೀರಿ, ಒಂದೊಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತದೆ. ಮಧ್ಯಾಹ್ನ ಗಿಡ ಬಾಡಿ, ಸಂಜೆಗೆ ಮತ್ತೆ ಎದ್ದಂತೆ ಕಾಣುತ್ತದೆ, ಹೊಲದಲ್ಲಿ ಅಲ್ಲಲ್ಲಿ ತೇಪೆ ಹಾಕಿದ ಹಾಗೆ ಕುಳ್ಳ ಗಿಡಗಳು ನಿಲ್ಲುತ್ತವೆ. ಹಗುರ ಮರಳುಮಣ್ಣು ಈ ಹುಳುವಿಗೆ ತವರುಮನೆ. ಇದೇ ಬೇರುಗಂಟು ಜಂತು ಮಾಕಂಡಿ ಬೇರಿನ ದೊಡ್ಡ ಶತ್ರು. ಹುಳು ಕಡಿದ ಗಾಯದಲ್ಲಿ ಕೊಳೆರೋಗದ ಶಿಲೀಂಧ್ರ ಸೇರಿತು ಅಂದ್ರೆ ಬೇರು ನೆಲದಲ್ಲೇ ಕರಗುತ್ತದೆ. ಅಶ್ವಗಂಧಕ್ಕೂ ಇದು ತಗಲುತ್ತದೆ. ಅದು ಹೊಗೆಸೊಪ್ಪು, ಬದನೆ, ಟೊಮೇಟೊ, ಮೆಣಸಿನಕಾಯಿಯ ಕುಟುಂಬಕ್ಕೇ ಸೇರಿದ ಗಿಡ. ಅರಿಶಿನ, ಶುಂಠಿಯೂ ಈ ಹುಳುವಿಗೆ ಆಹಾರವೇ.

ಹೊಗೆಸೊಪ್ಪಿನಲ್ಲಿ ಎಲೆ ಮಾರುತ್ತೇವೆ. ಬೇರಿಗೆ ಗಂಟು ಬಂದರೂ ಅರ್ಧಂಬರ್ಧ ಎಲೆಯಾದರೂ ಕೈಗೆ ಸಿಗುತ್ತದೆ. ಮದ್ದಿನ ಗಿಡದಲ್ಲಿ ಮಾರುವುದೇ ಬೇರು. ಗಂಟುಬಿದ್ದ, ಕೊಳೆತ ಬೇರನ್ನು ಯಾರು ಕೊಳ್ತಾರೆ? ಇಪ್ಪತ್ತು ವರ್ಷ ಹೊಗೆಸೊಪ್ಪು ಬೆಳೆದ ಹೊಲಕ್ಕೆ ಮಣ್ಣು ಪರೀಕ್ಷೆ ಮಾಡಿಸದೆ ಮಾಕಂಡಿ ಬೇರು ಹಾಕಿ ಅನ್ನುವವನು, ಕಾಯಿಲೆ ಮಲಗಿದ್ದ ಹಾಸಿಗೆಯ ಮೇಲೆ ಕೂಸನ್ನು ಮಲಗಿಸಿ ಅಂತ ಹೇಳಿದ ಹಾಗೆ.

ಪರಿಹಾರ ಇಲ್ಲವೇ? ಇದೆ, ಮತ್ತು ಅದರಲ್ಲಿ ಬಹುಪಾಲು ದುಡ್ಡಿಲ್ಲದ ಪರಿಹಾರ. ಏಪ್ರಿಲ್-ಮೇ ಬಿಸಿಲಿನಲ್ಲಿ ಎರಡು ಮೂರು ಸಲ ಆಳ ಉಳುಮೆ ಮಾಡಿ ಮಣ್ಣು ಕಾಯಿಸಬೇಕು. ಸಸಿಮಡಿಯ ಮಣ್ಣು ಶುದ್ಧವಾಗಿರಬೇಕು, ಯಾಕಂದ್ರೆ ಮಾಕಂಡಿ ಬೇರನ್ನು ಕಡ್ಡಿ ನೆಟ್ಟು ಬೆಳೆಸುತ್ತಾರೆ, ಕಡ್ಡಿ ಬೇರೊಡೆಯುವ ಮಡಿಯಲ್ಲೇ ಹುಳು ಹತ್ತಿದರೆ ಹೊಲಕ್ಕೆಲ್ಲ ನಾವೇ ಹಂಚಿದ ಹಾಗೆ. ಬೇವಿನ ಹಿಂಡಿ ಕೊಡಬೇಕು, ಟ್ರೈಕೋಡರ್ಮದಂಥ ಉಪಕಾರಿ ಶಿಲೀಂಧ್ರವನ್ನು ಕೊಟ್ಟಿಗೆ ಗೊಬ್ಬರದಲ್ಲಿ ಬೆಳೆಸಿ ಹಾಕಬೇಕು. ಚೆಂಡು ಹೂವಿನ ಬೇರು ಈ ಜಂತುವಿಗೆ ವಿಷ. ಎಲ್ಲಕ್ಕಿಂತ ಮುಖ್ಯ, ನಡುವೆ ಒಂದು ಬೆಳೆ ರಾಗಿ ಬರಬೇಕು. ಹೊಗೆಸೊಪ್ಪನ್ನು ಕಾಡುವ ಈ ಜಂತುವಿಗೆ ರಾಗಿ ಅಷ್ಟಾಗಿ ಒಗ್ಗುವುದಿಲ್ಲ, ಅದರ ಸಂಖ್ಯೆ ಇಳಿಯುತ್ತದೆ. ನಮ್ಮ ಅಜ್ಜಂದಿರು ಬೆಳೆ ತಿರುಗಿಸಿ ಹಾಕುತ್ತಿದ್ದುದಕ್ಕೂ ಇಲ್ಲೇ ಹುಣಸೂರಿನ ತಂಬಾಕು ಸಂಶೋಧನಾ ಕೇಂದ್ರದವರು ರಾಗಿ ಸರದಿ ಮಾಡಿ ಅನ್ನುವುದಕ್ಕೂ ವ್ಯತ್ಯಾಸವಿಲ್ಲ.

ಆ ಕೇಂದ್ರದ ಮಾತನ್ನೂ ಆಡಿಬಿಡೋಣ. ಅದರ ಮೂಲಸಂಸ್ಥೆ ರಾಜಮಹೇಂದ್ರಿಯಲ್ಲಿ 1947ರಲ್ಲಿ ಹುಟ್ಟಿದ ಕೇಂದ್ರೀಯ ತಂಬಾಕು ಸಂಶೋಧನಾ ಸಂಸ್ಥೆ. ನಮ್ಮ ಹಗುರ ಮಣ್ಣಿಗೆ ಹೊಂದುವ ಹೊಗೆಸೊಪ್ಪಿನ ತಳಿಗಳನ್ನು ಹುಣಸೂರಿನಿಂದಲೇ ಕೊಟ್ಟರು. ಹೊಗೆಸೊಪ್ಪಿನ ಎಲೆಯಲ್ಲೇ ಸೊಲನೆಸಾಲ್ ಎಂಬ ಔಷಧಿಗೆ ಬೇಕಾದ ವಸ್ತು ಇದೆ ಅಂತಲೂ ಈ ಸಂಸ್ಥೆ ಕೆಲಸ ಮಾಡಿದೆ. ಇತ್ತೀಚೆಗೆ ಇಡೀ ಸಂಸ್ಥೆಯ ಹೆಸರೇ ಬದಲಾಗಿ, ರಾಷ್ಟ್ರೀಯ ವಾಣಿಜ್ಯ ಕೃಷಿ ಸಂಶೋಧನಾ ಸಂಸ್ಥೆಯಾಗಿ, ಅಶ್ವಗಂಧ, ಅರಿಶಿನ, ಮೆಣಸಿನಕಾಯಿ, ಹರಳು ಎಲ್ಲ ಅದರ ಕೆಲಸದೊಳಗೆ ಬಂದಿವೆ. ಸಂತೋಷ. ಬೋರ್ಡು ಬದಲಾಯಿತು, ಇನ್ನು ಕೆಲಸ ನಮ್ಮ ಹೊಲಕ್ಕೆ ಬರಬೇಕು. ಕೇಂದ್ರದ ಬೇಲಿಯೊಳಗಿನ ಇಳುವರಿ ನಮಗೆ ಬೇಡ. ಪಿರಿಯಾಪಟ್ಟಣದ ಮಳೆ ಆಶ್ರಿತ ಹೊಲದಲ್ಲಿ, ಎಚ್.ಡಿ. ಕೋಟೆಯ ಹತ್ತಿ ಹೊಲದಲ್ಲಿ, ಕೆ.ಆರ್. ನಗರದ ನಾಲೆ ಕೆಳಗಿನ ಗದ್ದೆಯಲ್ಲಿ ಬೇರೆಬೇರೆಯಾಗಿ ಬೆಳೆದು ತೋರಿಸಲಿ. ಸೋತ ಪ್ರಯೋಗದ ಲೆಕ್ಕವನ್ನೂ ಕನ್ನಡದಲ್ಲಿ ಅಚ್ಚು ಹಾಕಿ ಪಂಚಾಯ್ತಿ ಗೋಡೆಗೆ ಅಂಟಿಸಲಿ.

ಎರಡನೇದು ಬೆಲೆ. ಹೊಸ ಬೆಳೆ ಏನು ಮಾಡುತ್ತೆ ಅನ್ನೋದಕ್ಕೆ ದೂರ ಹೋಗಬೇಕಾಗಿಲ್ಲ, ಶುಂಠಿ ನೋಡಿ. ಅದೂ ಮದ್ದಿನ ಗೆಡ್ಡೆಯೇ. ವಯನಾಡಿನ ಕಡೆಯಿಂದ ಬಂದವರು ನಮ್ಮ ಹೊಲವನ್ನು ಗುತ್ತಿಗೆ ಹಿಡಿದು ಬೆಳೆದರು, ನಾವೂ ಕಲಿತೆವು. ಒಂದು ವರ್ಷ ಬೆಲೆ ಮುಗಿಲಿಗೆ ಹೋಯಿತು, ಮರುವರ್ಷ ಎಲ್ಲರೂ ಹಾಕಿದರು, ಕೀಳುವ ಕೂಲಿಯೂ ಹುಟ್ಟದ ಹಾಗೆ ಬಿತ್ತು. ಕೊಳೆರೋಗ ಬಂದ ಹೊಲದಲ್ಲಿ ರೋಗ ಮಣ್ಣಿನಲ್ಲೇ ವರ್ಷಗಟ್ಟಲೆ ಕೂತಿತು. ಗುತ್ತಿಗೆದಾರ ಬೇರೆ ಹೊಲಕ್ಕೆ ಹೋದ. ಹೊಲ ಎಲ್ಲಿಗೆ ಹೋಗುತ್ತೆ? ನಮ್ಮ ಹತ್ತಿರವೇ ಉಳಿಯಿತು, ಸಾಲದ ಜೊತೆಗೆ.

ಹೊಗೆಸೊಪ್ಪಿಗೆ 1975ರ ಕಾಯಿದೆಯಿಂದ ಮಂಡಳಿ ಬಂತು, ಕರ್ನಾಟಕದಲ್ಲಿ 1984ರಿಂದ ಹರಾಜು ಶುರುವಾಯಿತು. ಆ ಹರಾಜಿನಲ್ಲಿ ಕೊಳ್ಳುವವರು ಕೈಬೆರಳೆಣಿಕೆಯ ಕಂಪನಿಗಳು ಅಂತ ನಾವು ಬೊಬ್ಬೆ ಹಾಕಿದ್ದೇವೆ, ಚಿಲ್ಕುಂದ, ಕಟ್ಟೆಮಳಲವಾಡಿ, ಕಂಪಲಾಪುರದ ಕಟ್ಟೆಗಳಲ್ಲಿ ಬೇಲು ನಿಲ್ಲಿಸಿ ಜಗಳ ಆಡಿದ್ದೇವೆ. ಆದರೂ ಜಗಳ ಆಡೋದಕ್ಕೆ ಒಂದು ಕಟ್ಟೆ ಇದೆ. ಮಾಕಂಡಿ ಬೇರಿಗೆ ಅದೂ ಇಲ್ಲ. ಹೊಲದಲ್ಲಿ ಬೆಳೆದ ಔಷಧಿ ಬೇರಿಗೆ ಬೆಂಬಲ ಬೆಲೆ ಇಲ್ಲ. ಅಶ್ವಗಂಧದ ದೊಡ್ಡ ಮಾರುಕಟ್ಟೆ ಇರುವುದು ಮಧ್ಯಪ್ರದೇಶದ ನೀಮಚ್‌ನಲ್ಲಿ. ಹುಣಸೂರಿನ ಸಣ್ಣ ರೈತ ಎರಡು ಚೀಲ ಬೇರು ಹೊತ್ತು ನೀಮಚ್‌ಗೆ ಹೋಗ್ತಾನೆಯೇ? ಬಾಗಿಲಿಗೆ ಬಂದ ಏಜೆಂಟ ಹೇಳಿದ್ದೇ ಬೆಲೆ.

ಒಪ್ಪಂದದ ಕಾಗದ ಓದುವಾಗ ಈ ಪ್ರಶ್ನೆ ಕೇಳಿ. ಬೆಲೆ ಹಸಿ ಬೇರಿಗೋ, ಒಣ ಬೇರಿಗೋ? ಮಾಕಂಡಿಯ ಹಸಿ ಬೇರಿನಲ್ಲಿ ಬಹುಪಾಲು ನೀರು. ಒಣಗಿದರೆ ಎಂಟು ಹತ್ತು ಪಾಲಿಗೆ ಒಂದು ಪಾಲು ಉಳಿಯುತ್ತದೆ. ಎಕರೆಗೆ ಇಷ್ಟು ಟನ್ನು ಅಂತ ಹಸಿ ತೂಕ ಹೇಳಿ, ಕೆ.ಜಿ.ಗೆ ಇಷ್ಟು ಅಂತ ಒಣ ಬೆಲೆ ಹೇಳಿ, ಎರಡನ್ನೂ ಗುಣಿಸಿ ಲಕ್ಷ ತೋರಿಸೋದು ಹಳೇ ಕಣ್ಕಟ್ಟು. ಸತ್ವದ ಶೇಕಡಾವಾರು ನೋಡಿ ದುಡ್ಡು ಅಂದರೆ, ಪರೀಕ್ಷೆ ಮಾಡುವವರು ಯಾರು? ಕೊಳ್ಳುವವನ ಪ್ರಯೋಗಾಲಯವೇ ತೀರ್ಪು ಕೊಡುವುದಾದರೆ ಅದು ತಕ್ಕಡಿಯನ್ನು ಅಂಗಡಿಯವನ ಮನೆಯೊಳಗೆ ಇಟ್ಟ ಹಾಗೆ. ಕಂಪನಿ ಬಾರದೆ ಹೋದರೆ ಕಡ್ಡಿಯ ದುಡ್ಡು ವಾಪಸು ಕೊಡುವವರು ಯಾರು? ಈ ಮೂರಕ್ಕೆ ಬರಹದಲ್ಲಿ ಉತ್ತರ ಇಲ್ಲದಿದ್ದರೆ ಹೆಬ್ಬೆಟ್ಟು ಒತ್ತಬೇಡಿ.

ಸಂಶೋಧನೆ ಯಾರ ಸೊತ್ತು ಅನ್ನೋ ಪ್ರಶ್ನೆಯೂ ಬೆಲೆಯ ಪ್ರಶ್ನೆಯೇ. ಅರಿಶಿನದಿಂದ ಗಾಯ ಮಾಯುತ್ತದೆ ಅನ್ನೋದಕ್ಕೆ ಅಮೆರಿಕದಲ್ಲಿ 1995ರಲ್ಲಿ ಪೇಟೆಂಟು ಕೊಟ್ಟರು. ನಮ್ಮ ವೈಜ್ಞಾನಿಕ ಮಂಡಳಿ ಹಳೇ ಗ್ರಂಥಗಳನ್ನು ಮುಂದಿಟ್ಟು 1997ರಲ್ಲಿ ರದ್ದು ಮಾಡಿಸಿತು. ಬೇವಿನ ಶಿಲೀಂಧ್ರನಾಶಕಕ್ಕೆ ಯೂರೋಪಿನಲ್ಲಿ 1994ರಲ್ಲಿ ಅಮೆರಿಕ ಸರ್ಕಾರದ ಕೃಷಿ ಇಲಾಖೆಗೂ ಗ್ರೇಸ್ ಕಂಪನಿಗೂ ಪೇಟೆಂಟು ಸಿಕ್ಕಿತು. 2000ದಲ್ಲಿ ರದ್ದಾಯಿತು, ಮೇಲ್ಮನವಿಯಲ್ಲೂ 2005ರಲ್ಲಿ ಸೋತರು. ಪ್ರೊಫೆಸರ್ ನಂಜುಂಡಸ್ವಾಮಿಯವರ ಮುಂದಾಳತ್ವದಲ್ಲಿ ಈ ರಾಜ್ಯದ ರೈತರು ಬೀಜ ನಮ್ಮದು ಅಂತ ಬೀದಿಗಿಳಿದಿದ್ದು ಸುಮ್ಮನೆ ಅಲ್ಲ. 2001ರ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯಿದೆಯಲ್ಲಿ ಬೆಳೆದ ಬೀಜವನ್ನು ಉಳಿಸುವ, ಹಂಚುವ, ಬ್ರಾಂಡು ಹಾಕದೆ ಮಾರುವ ಹಕ್ಕು ನಮಗಿದೆ. ಏಜೆಂಟನ ಒಪ್ಪಂದದಲ್ಲಿ ಆ ಹಕ್ಕನ್ನು ಬರೆದುಕೊಟ್ಟುಬಿಡಬೇಡಿ.

ನಾಗರಹೊಳೆ ಅಂಚಿನ ಹಾಡಿಗಳ ಜೇನುಕುರುಬರನ್ನು, ಬೆಟ್ಟಕುರುಬರನ್ನು ಇಲ್ಲಿ ಮರೆಯಬಾರದು. ಗಿಡದ ಜ್ಞಾನ ಅವರದು. ಕಾಡಿನ ಕಿರು ಉತ್ಪನ್ನದ ಮೇಲೆ 2006ರ ಅರಣ್ಯ ಹಕ್ಕು ಕಾಯಿದೆ ಅವರಿಗೆ ಹಕ್ಕು ಕೊಟ್ಟಿದೆ. ಮಾಗಳಿ ಬೇರಿನ ಉಪ್ಪಿನಕಾಯಿ ಪೇಟೆಯಲ್ಲಿ ಬೆಲೆ ಬಾಳುತ್ತೆ. ಅದನ್ನು ಅಗೆದು ಅಗೆದು ಕಾಡಿನಲ್ಲಿ ಆ ಬಳ್ಳಿಯೇ ಅಪರೂಪವಾಗುತ್ತಿದೆ, ಅಗೆದವನ ಗುಡಿಸಲು ಮಾತ್ರ ಹಂಗೇ ಇದೆ. ನಮ್ಮ ಹೋರಾಟ ಅವರನ್ನು ಬಿಟ್ಟು ನಡೆದರೆ ಅರ್ಧ ಹೋರಾಟ.

ಮೂರನೇದು ತಟ್ಟೆ. ಔಷಧಿ ಗಿಡದ ಮಾತಾಡುವವರು ನಮ್ಮ ಊಟದ ಮಾತಾಡೋದಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ ಇದೆ. ಅಷ್ಟೇ ಪಾಲಿಶ್ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಕೂಡ ಕಷ್ಟ. ದಿನಕ್ಕೆ ಇನ್ನೂರು ಗ್ರಾಂ ಹಿಟ್ಟಿನ ಮುದ್ದೆ ಉಂಡರೆ ದೊಡ್ಡವರಿಗೆ ಬೇಕಾದ ಒಂದು ಸಾವಿರ ಮಿಲಿಗ್ರಾಂನಲ್ಲಿ ಮೂರರಲ್ಲಿ ಎರಡು ಪಾಲು ಮುದ್ದೆಯಲ್ಲೇ ಇರುತ್ತೆ. ಅಷ್ಟೂ ಮೈಗೆ ಹತ್ತುವುದಿಲ್ಲ ನಿಜ. ಮೊಳಕೆ ಕಟ್ಟಿ ಹುರಿದು ಹಿಟ್ಟು ಮಾಡಿದರೆ ಹೆಚ್ಚು ಹತ್ತುತ್ತದೆ, ಕೂಸಿಗೆ ರಾಗಿಸರಿ ಮಾಡುವ ನಮ್ಮ ತಾಯಂದಿರಿಗೆ ಇದನ್ನು ಯಾವ ಸಂಶೋಧನಾಲಯವೂ ಕಲಿಸಲಿಲ್ಲ. ಜೊತೆಗೆ ಅವರೆ, ಹುರುಳಿ, ನುಗ್ಗೆಸೊಪ್ಪು. ಬದುವಿನ ಮೇಲಿನ ಹೊನಗೊನೆ, ಅಣ್ಣೆ, ಗಣಿಕೆ, ಒಂದೆಲಗ ಎಲ್ಲ ಸೇರಿದ ಬೆರಕೆಸೊಪ್ಪಿನ ಸಾರು. ಇವೇ ಅಲ್ಲವೇ ಔಷಧಿ ಗಿಡ? ಕಳೆನಾಶಕ ಹೊಡೆದು ಇವನ್ನು ಸುಟ್ಟು, ಆ ಹೊಲದಲ್ಲಿ ಹೊರದೇಶದವನ ಗುಳಿಗೆಗೆ ಬೇರು ಬೆಳೆದು, ಬಂದ ದುಡ್ಡಿನಲ್ಲಿ ರಕ್ತಹೀನತೆಗೆ ಗುಳಿಗೆ ಕೊಳ್ಳುವುದು ಯಾವ ಲೆಕ್ಕ ಸ್ವಾಮಿ?

ರಾಗಿಗೆ 2025-26ಕ್ಕೆ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಘೋಷಣೆಯಿಂದ ಚೀಲ ಖಾಲಿಯಾಗೋದಿಲ್ಲ. ಸುಗ್ಗಿಯಲ್ಲೇ ಖರೀದಿ ಕೇಂದ್ರ ತೆರೆದು, ಬೆಳೆದಷ್ಟನ್ನೂ ಕೊಂಡು, ಶಾಲೆಯ ಬಿಸಿಯೂಟಕ್ಕೆ ಕೊಟ್ಟರೆ ಹೊಗೆಸೊಪ್ಪಿನ ಎದುರು ನಿಲ್ಲುವ ಮೊದಲ ಬೆಳೆ ರಾಗಿಯೇ ಆದೀತು.

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟವಿರಲಿ. ಭಾರತ ಸರ್ಕಾರ 2004ರಲ್ಲಿ ಒಪ್ಪಿದ ತಂಬಾಕು ನಿಯಂತ್ರಣದ ಅಂತರರಾಷ್ಟ್ರೀಯ ಒಡಂಬಡಿಕೆಯ 17ನೇ ವಿಧಿ, ಬೆಳೆಗಾರನಿಗೆ ಬದುಕು ನಡೆಯುವಂಥ ಬದಲಿ ದಾರಿಗೆ ನೆರವಾಗಬೇಕು ಅನ್ನುತ್ತದೆ. ಇದು ಭಿಕ್ಷೆಯಲ್ಲ, ಸಹಿ ಹಾಕಿದ ಮಾತು. ಬ್ಯಾರನ್ ಕಟ್ಟಲು ಮಾಡಿದ ಸಾಲ ಹೊಗೆಸೊಪ್ಪು ಬಿಟ್ಟ ರೈತನ ತಲೆ ಮೇಲೆ ಉಳಿಯಕೂಡದು. ಜಂತುಹುಳುವಿನ ಮಣ್ಣು ಪರೀಕ್ಷೆ ತಾಲೂಕಿನಲ್ಲೇ, ಪುಕ್ಕಟೆ ಆಗಬೇಕು. ಬೇರಿಗೆ ನಮ್ಮ ಕೃಷಿ ಮಾರುಕಟ್ಟೆಯಲ್ಲೇ ತೂಕ, ಅಲ್ಲೇ ಸರ್ಕಾರಿ ಪರೀಕ್ಷೆ, ತಳಬೆಲೆ ಬೇಕು.

ಅಲ್ಲೀತನಕ ಮನೆಗೆ ಹೋಗಿ ಮಾಡಬೇಕಾದ್ದು ಇಷ್ಟು. ಮದ್ದಿನ ಗಿಡ ಹಾಕಲೇಬೇಕು ಅಂದರೆ ಮೊದಲ ವರ್ಷ ಹತ್ತು ಗುಂಟೆ ದಾಟಬೇಡಿ, ಅದಕ್ಕೆ ಸಾಲ ತೆಗೀಬೇಡಿ. ರಾಗಿ ಆದ ಹೊಲದಲ್ಲೇ ಹಾಕಿ. ಮನೆಗೆ ವರ್ಷಕ್ಕಾಗುವಷ್ಟು ರಾಗಿ, ಅವರೆಗೆ ಜಾಗ ತೆಗೆದಿಟ್ಟೇ ಮಿಕ್ಕಿದ್ದನ್ನು ಪೇಟೆಗೆ ಬಿಡಿ. ಒಪ್ಪಂದದ ಕಾಗದ ಬಂದರೆ ಒಬ್ಬೊಬ್ಬರೇ ಓದಬೇಡಿ, ಸಂಘದ ಕಟ್ಟೆಗೆ ತನ್ನಿ, ಹತ್ತು ಜನ ಕೂತು ಓದೋಣ. ನಾಳೆ ಸೋಮವಾರದಿಂದಲೇ ಒಂದು ಕೆಲಸ: ಪ್ರತಿ ಹಳ್ಳಿಯಲ್ಲೂ ಐದು ಹೊಲದ ಹೊಗೆಸೊಪ್ಪಿನ ಬುಡ ಕಿತ್ತು ಬೇರು ನೋಡಿ, ಗಂಟಿದ್ದ ಹೊಲಗಳ ಪಟ್ಟಿ ಬರೆದು ತನ್ನಿ. ಆ ಪಟ್ಟಿ ಹಿಡಿದುಕೊಂಡು ಸಂಶೋಧನಾ ಕೇಂದ್ರದ ಬಾಗಿಲಿಗೆ ಹೋಗೋಣ.